ಒಂದೂವರೆ ಗೇಣಿನ ಲಾರಿ

ಎಲ್ಲ ರಗಳೆಗೂ ಮೂಲ, ಹೆಂಡತಿ ಗಂಡನನ್ನು ಮೆಚ್ಚಿಕೊಂಡದ್ದು.

ಹನ್ನೊಂದು ವರ್ಷದ ಸಂಸಾರದಲ್ಲಿ ಹಾಗೆ ಆಗಿರಲಿಲ್ಲ. ಸ್ವಭಾವ ಒಳ್ಳೆಯದು, ಮಾತು ಕಡಿಮೆ, ಗೊರಕೆ ಅದಕ್ಕಿಂತ ಕಡಿಮೆ ಎಂದು ಅವಳು ತವರಿನವರ ಮುಂದೆ ಒಪ್ಪಿಕೊಂಡದ್ದುಂಟು. ಆದರೆ ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ ಕೂತು ಅವನು ಕಟ್ಟುತ್ತಿದ್ದ ಪುಟ್ಟ ಕಾರು, ಪುಟ್ಟ ಲಾರಿಗಳ ಮಾತು ಬಂದರೆ, "ಇವರಿಗೊಂದು ಆಟಿಕೆ ಹುಚ್ಚು" ಎಂದು ಅಲ್ಲಿಗೆ ಮುಗಿಸಿಬಿಡುತ್ತಿದ್ದಳು.

"ಆಟಿಕೆ ಅಲ್ಲ ಕಣೇ, ಮಾದರಿ" ಎಂದು ಒಳಗಿನಿಂದ ದನಿ ಬರುತ್ತಿತ್ತು. ಹನ್ನೊಂದು ವರ್ಷದಿಂದ ಅದೇ ದನಿ, ಅದೇ ಮಾತು. ಬಚ್ಚಲ ನಲ್ಲಿಯ ತೊಟ್ಟಿನಂತೆ ಅದೂ ಮನೆಯ ಸದ್ದುಗಳಲ್ಲಿ ಒಂದಾಗಿಹೋಗಿತ್ತು.

ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವನು. ಬೀದಿಯವರ ಬಾಯಲ್ಲಿ 'ಕನ್ನಡಕದವನು'. ಆ ಬೀದಿಯಲ್ಲಿ ನಲವತ್ತು ದಾಟಿದ ಪ್ರತಿಯೊಂದು ಮೂಗಿನ ಮೇಲೂ ಅವನ ಕೈಕೆಲಸ ಕೂತಿತ್ತು. ಸಾಸಿವೆಗಿಂತ ಸಣ್ಣ ತಿರುಪನ್ನು ಇಕ್ಕಳದಲ್ಲಿ ಹಿಡಿದು ಹಿಡಿದು ಬೆರಳು ಪಳಗಿದ್ದರಿಂದಲೇ ಈ ಹವ್ಯಾಸ ಅವನಿಗೆ ಒಲಿದದ್ದು.

ಈ ಸಲದ ಲಾರಿಗೆ ಆರು ತಿಂಗಳು ಹಿಡಿದಿತ್ತು. ನಿಜದ ಲಾರಿಯ ಇಪ್ಪತ್ತನಾಲ್ಕನೇ ಒಂದು ಪಾಲು. ಉದ್ದ ಒಂದೂವರೆ ಗೇಣು. ಪೆಟ್ಟಿಗೆಯಲ್ಲಿ ಬಂದ ಬಿಡಿಭಾಗಗಳಲ್ಲಿ ಅವನು ಉಳಿಸಿಕೊಂಡದ್ದು ತಳದ ಚೌಕಟ್ಟು ಮತ್ತು ಚಕ್ರ ಮಾತ್ರ. ಮಿಕ್ಕದ್ದೆಲ್ಲ ಸ್ವಂತ. ಹಿಂದಿನ ಹಲಗೆಗಳಿಗೆ ಬೆಂಕಿಕಡ್ಡಿ ಸೀಳಿದ. ಹಗ್ಗಕ್ಕೆ ಹೊಲಿಗೆದಾರ ಹೊಸೆದ. ದೀಪದ ಗಾಜನ್ನು ಯಾರದೋ ಹಳೆಯ ಕನ್ನಡಕದ ಚೂರಿನಿಂದ ಸಾಣೆ ಹಿಡಿದು ತೆಗೆದ. ಎಡಗಡೆಯದಕ್ಕೆ ಸೂಜಿಮೊನೆಯಿಂದ ಬಿರುಕು ಕೊಟ್ಟ. ಹೊಸ ಲಾರಿ ಯಾರು ಬೇಕಾದರೂ ಮಾಡಿಯಾರು, ಹಳೆಯ ಲಾರಿ ಮಾಡುವುದೇ ವಿದ್ಯೆ ಎಂಬುದು ಅವನ ನಂಬಿಕೆ. ಅದಕ್ಕೇ ಮೊದಲು ಕಂದು ಬಳಿದು, ಅದರ ಮೇಲೆ ಉಪ್ಪಿನ ಹರಳು ಅಂಟಿಸಿ, ಮೇಲೆ ನೀಲಿ ಹೊಡೆದು, ಒಣಗಿದ ಮೇಲೆ ಉಪ್ಪನ್ನು ಬೆರಳಲ್ಲಿ ಉಜ್ಜಿ ಉದುರಿಸಿದ. ಉದುರಿದ ಕಡೆಯೆಲ್ಲ ನೀಲಿ ಬಣ್ಣ ಎದ್ದುಹೋಗಿ ಒಳಗಿನ ಕಂದು ಇಣುಕಿತು. ಇಪ್ಪತ್ತು ಮಳೆಗಾಲ ಕಂಡ ತುಕ್ಕು. ಹೆಂಡತಿಯ ಹಳೆಯ ತೆಳುಬಟ್ಟೆಯಲ್ಲಿ ಸೋಸಿದ ಬೀದಿಯ ಧೂಳು ಚಕ್ರದ ಸಂದಿಗೆ ಹೋಯಿತು. ಬಲಗಡೆಯ ಹಿಂದಿನ ಟೈರನ್ನು ದೀಪದ ಬಿಸಿಗೆ ಹಿಡಿದು ಚಪ್ಪಟೆ ಮಾಡಿದ. ಎಂಜಿನ್ನಿನ ಕೆಳಗೆ ಒಂದು ತೊಟ್ಟು ಕಪ್ಪು ವಾರ್ನಿಷ್ ಇಟ್ಟ; ಎಣ್ಣೆ ಸೋರುತ್ತಿತ್ತು. ದೇವರು ಇರುವೆಯ ಕಾಲಿಗೆ ಗಂಟು ಕೂರಿಸುವಾಗ ಇದೇ ತಾಳ್ಮೆಯಿಂದ ಕೂತಿದ್ದಿರಬೇಕು.

ಆ ದಿನ ಊರಿನ ಮಾದರಿಗಾರರ ಸಂಘದ ಪ್ರದರ್ಶನ. ಮಧ್ಯಾಹ್ನದೊಳಗೆ ಫೋಟೋ ಕಳಿಸಬೇಕು, ಸಂಜೆ ಐದರೊಳಗೆ ಮಾದರಿಯನ್ನು ಸಭಾಂಗಣಕ್ಕೆ ತಲುಪಿಸಬೇಕು. ಐದರ ಮೇಲೆ ಒಂದು ನಿಮಿಷವಾದರೂ ಇಲ್ಲ. ಮೂರು ಸಲ ಅರ್ಜಿ ಹಾಕಿ ಮೂರು ಸಲವೂ 'ಇನ್ನೂ ಪಳಗಬೇಕು' ಎಂದು ವಾಪಸ್ಸು ಬಂದವನು ಅವನು. ಕೆಲಸ ಬಲ್ಲವರ ಮೇಜಿನ ಮೇಲೆ ತನ್ನದೊಂದು ಗಾಡಿ ಒಂದು ಸಂಜೆ ನಿಲ್ಲಬೇಕು ಎಂಬುದಷ್ಟೇ ಅವನ ಆಸೆ. ಬಹುಮಾನದ ಯೋಚನೆ ಕನಸಿನಲ್ಲೂ ಇರಲಿಲ್ಲ. ಅಂಗಡಿಗೆ ರಜೆ ಹಾಕಿದ್ದ.

ಬೆಳಿಗ್ಗೆ ಏಳಕ್ಕೆ ಗೇಟಿನ ಬಳಿ ಸ್ಟೂಲಿಟ್ಟು, ಅದರ ಮೇಲೆ ಹಲಗೆಯಿಟ್ಟು, ಹಲಗೆಗೆ ಮಣ್ಣು ಹರವಿ, ಲಾರಿ ನಿಲ್ಲಿಸಿದ. ಹಲಗೆಯ ಅಂಚು ಹಿಂದಿನ ರಸ್ತೆಯ ಗೆರೆಗೆ ಕೂಡುವವರೆಗೆ ಮಂಡಿಯೂರಿ, ಕುತ್ತಿಗೆ ಸೊಟ್ಟ ಮಾಡಿ, ಒಂದು ಕಣ್ಣು ಮುಚ್ಚಿ ಫೋಟೋ ತೆಗೆದ. ಫೋಟೋದಲ್ಲಿ ಸ್ಟೂಲೂ ಇಲ್ಲ, ಹಲಗೆಯೂ ಇಲ್ಲ. ಬೀದಿಯ ತಿರುವಿನಲ್ಲಿ, ದರ್ಜಿಯ ಗೇಟಿಗೆ ಅಡ್ಡವಾಗಿ, ಒಂದು ಹಾಳು ಲಾರಿ ನಿಂತಿತ್ತು. ಅಷ್ಟೆ.

ಅದನ್ನು ಸಂಘದ ತೀರ್ಪುಗಾರರಿಗೆ ಕಳಿಸಿದ. ಹೆಂಡತಿಗೂ ಕಳಿಸಿದ. ಅವಳು ಒಲೆಯ ಮುಂದೆ ನಿಂತು ನೋಡಿದಳು. ದೊಡ್ಡದು ಮಾಡಿ ನೋಡಿದಳು. ಒಲೆ ಆರಿಸಿ, ಕೂತು ನೋಡಿದಳು. ಆಮೇಲೆ ತನ್ನ ಗಂಡ ಎಂಥವನೆಂದು ನಾಲ್ಕು ಜನಕ್ಕೂ ತಿಳಿಯಲಿ ಎಂದು ಬೀದಿಯವರ ಗುಂಪಿಗೆ ಅದನ್ನು ಹಾಕಿದಳು. ಕೆಳಗೆ ಒಂದಕ್ಷರ ಬರೆಯಲಿಲ್ಲ. ಇಂಥದ್ದಕ್ಕೆ ಮಾತು ಯಾಕೆ ಅನ್ನಿಸಿತ್ತು.

ಅವನು ಸ್ನಾನ ಮುಗಿಸಿ, ಲಾರಿಯನ್ನು ಒಯ್ಯಲು ರಟ್ಟಿನ ಡಬ್ಬಿಗೆ ಹತ್ತಿ ಹಾಸುವುದರಲ್ಲಿ ಮುಳುಗಿದ. ಹತ್ತೂವರೆಗೆ ಫೋನು ನೋಡಿದರೆ ತೀರ್ಪುಗಾರರ ಉತ್ತರ ಬಂದಿತ್ತು. 'ಇದು ನಿಜವಾದ ಲಾರಿಯ ಫೋಟೋ. ಇಂಥ ಚೇಷ್ಟೆ ಬೇಡ. ಮಾದರಿ ಇದ್ದರೆ ಐದರೊಳಗೆ ತಂದು ತೋರಿಸು.'

ಅವನು ಅದನ್ನು ನಾಲ್ಕು ಸಲ ಓದಿದ. ಕಣ್ಣು ತುಂಬಿತು. ಇಷ್ಟು ದೊಡ್ಡ ಹೊಗಳಿಕೆಯನ್ನು ಬೈಗುಳದ ರೂಪದಲ್ಲಿ ಯಾರೂ ಅವನಿಗೆ ಕೊಟ್ಟಿರಲಿಲ್ಲ.

"ರೀ" ಎಂದಳು ಹೆಂಡತಿ ಬಾಗಿಲಲ್ಲಿ ನಿಂತು. ಮುಖ ಬಿಳಿಚಿಕೊಂಡಿತ್ತು. "ನಾನೊಂದು ಕೆಲಸ ಮಾಡಿದೀನಿ. ಬೈಬೇಡಿ."

ಗುಂಪಿನಲ್ಲಿ ತೊಂಬತ್ತಾರು ಸಂದೇಶಗಳಿದ್ದವು.

ಮೊದಲು ಬರೆದವನು ದರ್ಜಿ. 'ನನ್ನ ಗೇಟಿಗೆ ಅಡ್ಡ ಯಾರಪ್ಪಾ ಇದು ನಿಲ್ಲಿಸಿದ್ದು?' ದರ್ಜಿ ನೆಂಟರ ಮನೆಗೆ ಹೋಗಿದ್ದ. ಗೇಟನ್ನು ಕಣ್ಣಾರೆ ನೋಡುವ ಸ್ಥಿತಿಯಲ್ಲಿರಲಿಲ್ಲ. ಎದುರುಮನೆಯ ನಿವೃತ್ತ ಮೇಷ್ಟ್ರು ಮನೆಯಲ್ಲೇ ಇದ್ದರು. ಅವರು ನೋಡಬಹುದಿತ್ತು. ಆದರೆ ಬೀದಿಯಲ್ಲಿ ನಡೆದದ್ದು ತಮಗೆ ಮೊದಲು ಗೊತ್ತಿರಲಿಲ್ಲ ಎಂದು ಒಪ್ಪಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. 'ನಾನು ಮೂರು ದಿನದಿಂದ ನೋಡುತ್ತಿದ್ದೇನೆ' ಎಂದು ಬರೆದರು. ಮೇಷ್ಟ್ರು ಮೂರು ದಿನದಿಂದ ನೋಡಿದ ಮೇಲೆ ಮಹಡಿ ಮನೆಯ ಅಜ್ಜಿ ಸುಮ್ಮನಿರಲಾದೀತೇ. ರಾತ್ರಿಯೆಲ್ಲ ಅದರ ಸದ್ದಿಗೆ ತಮಗೆ ನಿದ್ದೆಯಿಲ್ಲವೆಂದು ದನಿಸಂದೇಶ ಕಳಿಸಿದರು. ಅಲ್ಲಿಂದಾಚೆಗೆ ಒಬ್ಬರಿಗೆ ಡೀಸೆಲ್ ವಾಸನೆ ಬಂದಿತ್ತು, ಒಬ್ಬರ ಬೆಕ್ಕು ಅದರ ಕೆಳಗೆ ಸಿಕ್ಕಿಕೊಂಡಿತ್ತು.

ಹೆಂಡತಿ ಪಾಪ ನಡುವೆ ಬರೆದಿದ್ದಳು: 'ಅದು ಆಟಿಕೆ.'

ದರ್ಜಿ ಉತ್ತರಿಸಿದ್ದ: 'ಹಾಗಾದ್ರೆ ನನ್ನ ಗೇಟು ಗೊಂಬೆಮನೆ ಗೇಟಾ?'

ಕೊನೆಯ ಸಂದೇಶ ಮೇಷ್ಟ್ರದು. ಇಪ್ಪತ್ತೇಳು ಜನರ ಸಹಿಯೊಂದಿಗೆ ನಗರಸಭೆಗೆ ದೂರು ಹೋಗಿದೆ, ಅಧಿಕಾರಿಗಳು ಹೊರಟಿದ್ದಾರೆ.

ಕನ್ನಡಕದವನು ಚಪ್ಪಲಿಯನ್ನೂ ಮೆಟ್ಟದೆ ಎದುರುಮನೆಗೆ ಓಡಿದ.

"ಮೇಷ್ಟ್ರೇ, ಬೀದಿಯಲ್ಲಿ ಲಾರಿ ಇಲ್ಲ. ಬನ್ನಿ, ನೋಡಿ."

ಮೇಷ್ಟ್ರು ಗೇಟಿನಾಚೆ ಕತ್ತು ಚಾಚಿ ನೋಡಿದರು. ತಿರುವು ಬೋಳಾಗಿತ್ತು.

"ಈಗ ಇಲ್ಲ" ಎಂದರು.

"ಯಾವಾಗಲೂ ಇರಲಿಲ್ಲ, ಮೇಷ್ಟ್ರೇ."

"ನೋಡಪ್ಪಾ" ಎಂದು ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಮೂರು ದಿನ ನೋಡಿದ್ದು ಈ ಕನ್ನಡಕದಲ್ಲಿ. ಕೂರಿಸಿ ಕೊಟ್ಟೋನು ನೀನು. ಇದರಲ್ಲಿ ಇಲ್ಲದ್ದು ಕಾಣುತ್ತೆ ಅಂತೀಯಾ?"

ಕನ್ನಡಕದವನು ಲೆಕ್ಕ ಹಾಕಿದ. ಲಾರಿ ಇಲ್ಲವೆಂದರೆ ಕನ್ನಡಕ ಸುಳ್ಳು. ಕನ್ನಡಕ ನಿಜವೆಂದರೆ ಲಾರಿ ಇದೆ. ಬೀದಿಯ ಅಷ್ಟೂ ಮೂಗುಗಳು ಅವನ ಕಣ್ಣ ಮುಂದೆ ಸಾಲಾಗಿ ಹಾದುಹೋದವು.

"ಗಾಜು ಚೆನ್ನಾಗೇ ಇದೆ" ಎಂದ ಮೆಲ್ಲಗೆ.

"ಹಾಗನ್ನು."

ನಗರಸಭೆಯ ಸಾಹೇಬರು ಬರುವಾಗ ಹನ್ನೆರಡೂವರೆ. ತೆಳ್ಳಗಿನ ಮನುಷ್ಯ, ಬಗಲಲ್ಲಿ ಕಡತ, ಮುಖದಲ್ಲಿ ಊಟದ ಹೊತ್ತಿಗೆ ಬರಬೇಕಾಯಿತೆಂಬ ಬೇಸರ. ಬೀದಿ ಅವರನ್ನು ಸುತ್ತಿಕೊಂಡಿತು.

"ಲಾರಿ ಎಲ್ಲಿ?"

"ಇಲ್ಲೇ ಇತ್ತು ಸಾರ್" ಎಂದು ಇಪ್ಪತ್ತು ಬೆರಳು ಇಪ್ಪತ್ತು ಕಡೆ ತೋರಿಸಿದವು.

"ಟೈರು ಚಪ್ಪಟೆ ಇರೋ ಲಾರಿ ಎಲ್ಲಿಗೆ ಹೋಗತ್ತೆ?"

"ಅದಕ್ಕೇ ಸ್ವಾಮಿ ಅಷ್ಟೊಂದು ಸದ್ದು" ಎಂದರು ಮಹಡಿ ಅಜ್ಜಿ.

ಕನ್ನಡಕದವನಿಗೆ ಬೇರೆ ದಾರಿ ತೋಚಲಿಲ್ಲ. ಒಳಗೆ ಹೋಗಿ, ಹತ್ತಿಯ ಡಬ್ಬಿಯಿಂದ ಲಾರಿಯನ್ನು ಎರಡೂ ಕೈಯಲ್ಲಿ, ಹಸುಗೂಸನ್ನು ಎತ್ತಿದಂತೆ ಎತ್ತಿ ತಂದು ಕಾಂಪೌಂಡು ಗೋಡೆಯ ಮೇಲೆ ನಿಲ್ಲಿಸಿದ. ಹನ್ನೊಂದು ವರ್ಷದಿಂದ ನಾಲಿಗೆಗೆ ಅಂಟಿಸಿಕೊಳ್ಳದ ಮಾತನ್ನು ಆಡಿದ.

"ಆಟಿಕೆ ಸಾರ್. ಬರೀ ಆಟಿಕೆ."

ಒಳಗೆ ಹೆಂಡತಿ ಕಿವಿ ಮುಚ್ಚಿಕೊಂಡಳು.

ಸಾಹೇಬರು ಬಗ್ಗಿದರು. ಇನ್ನೂ ಬಗ್ಗಿದರು. ಕಡತವನ್ನು ಮೇಷ್ಟ್ರ ಕೈಗೆ ಕೊಟ್ಟು ಗೋಡೆಯ ಪಕ್ಕ ಮಂಡಿಯೂರಿದರು. ದೀಪದ ಬಿರುಕು ನೋಡಿದರು. ಹಲಗೆಯ ಮೊಳೆಗಳನ್ನು ಎಣಿಸಿದರು. ಚಾಲಕನ ಸೀಟಿನ ಹರಿದ ಮೂಲೆಯಿಂದ ಇಣುಕುತ್ತಿದ್ದ ನಾರನ್ನು ಕಂಡು, ಉಸಿರು ತಾಗಿದರೆ ಹಾರಿಹೋದೀತೆಂದು ಬಾಯಿಗೆ ಕೈ ಅಡ್ಡ ಹಿಡಿದರು.

"ಈ ತುಕ್ಕು..."

"ಉಪ್ಪಿನಿಂದ ಸಾರ್."

"ಈ ಎಣ್ಣೆ?"

"ವಾರ್ನಿಷ್."

"ನಮ್ಮಪ್ಪ ಇಂಥದ್ದೇ ಓಡಿಸ್ತಿದ್ರು" ಎಂದರು ಸಾಹೇಬರು. "ಬಾಗಿಲು ಹಾಕೋಕೆ ಎರಡು ಸಲ ಎಳೀಬೇಕಿತ್ತು." ಉಗುರಿನ ತುದಿಯಿಂದ ಬಾಗಿಲು ಮುಟ್ಟಿದರು. ಅದು ಅರ್ಧ ಮುಚ್ಚಿ ನಿಂತಿತು. ಇನ್ನೊಮ್ಮೆ ತಳ್ಳಿದಾಗ ಮುಚ್ಚಿತು. ಅವರು ಬಹಳ ಹೊತ್ತು ಏಳಲಿಲ್ಲ.

ಎಲ್ಲ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮೇಷ್ಟ್ರು ಕೆಮ್ಮಿದರು.

"ಇದು ನಕಲು, ಸಾಹೇಬ್ರೇ. ಒಪ್ಪೋಣ, ಚೆನ್ನಾಗಿದೆ. ಆದ್ರೆ ಇಷ್ಟು ಕರಾರುವಾಕ್ಕಾಗಿ ನಕಲು ಮಾಡ್ಬೇಕಂದ್ರೆ, ಎಲ್ಲೋ ಅಸಲು ಇರ್ಲೇಬೇಕಲ್ಲ? ಆ ಅಸಲು ಎಲ್ಲಿ ಅಂತ ನಮ್ಮ ಪ್ರಶ್ನೆ."

"ಹೌದಲ್ವಾ" ಎಂದಿತು ಬೀದಿ, ಮಾನ ಉಳಿದ ನಿಟ್ಟುಸಿರಿನಲ್ಲಿ.

ಸಾಹೇಬರು ಕನ್ನಡಕದವನನ್ನು ಪಕ್ಕಕ್ಕೆ ಕರೆದರು. "ನೋಡಿ, ನನಗೆ ಗೊತ್ತಾಯ್ತು. ಆದ್ರೆ ನಾನೀಗ ಲಾರಿ ಇಲ್ಲ ಅಂತ ಬರೆದ್ರೆ ಇಪ್ಪತ್ತೇಳು ಜನ ಸುಳ್ಳುಗಾರರಾಗ್ತಾರೆ. ಅವರು ಸುಮ್ನಿರ್ತಾರಾ? ನನ್ನ ಮೇಲೆ ಇನ್ನೊಂದು ದೂರು ಬರತ್ತೆ. ಲಾರಿ ತೆಗೆಸಲಾಗಿದೆ ಅಂತ ಬರೆದ್ರೆ ಎಲ್ಲರಿಗೂ ಸಮಾಧಾನ. ಹಾಗೆ ಬರೀಬೇಕಂದ್ರೆ ಎತ್ತಿ ತಂದ ಗಾಡಿ ನಿಲ್ಲಿಸೋ ನಮ್ಮ ಯಾರ್ಡಿನ ಪುಸ್ತಕದಲ್ಲಿ ಒಂದು ಲಾರಿ ಏರಬೇಕು." ಗೋಡೆಯ ಕಡೆ ಕಣ್ಣು ಹಾಯಿಸಿದರು. "ಇದಕ್ಕೂ ಆರು ಚಕ್ರ ಇದೆಯಲ್ಲ."

"ಸಾರ್, ಐದಕ್ಕೆ ಪ್ರದರ್ಶನ."

"ಅರ್ಧ ಗಂಟೆ ಕೆಲಸ ರೀ. ಏರಿಸೋದು, ಇಳಿಸೋದು. ನಾನೇ ಯಾರ್ಡಿಗೆ ಫೋನ್ ಮಾಡ್ತೀನಿ. ಮೂರಕ್ಕೆ ಹೋಗಿ ತಗೊಂಡುಬಿಡಿ."

ಅವರ ಕಣ್ಣಲ್ಲಿ ಕಪಟವಿರಲಿಲ್ಲ. ಅವನು ಒಪ್ಪಿಕೊಂಡ. ಪ್ರಾಮಾಣಿಕರು ಹೇಳುವ ಉಪಾಯದಷ್ಟು ಅಪಾಯದ್ದು ಬೇರೊಂದಿಲ್ಲವೆಂದು ಆಗ ಅವನಿಗೆ ತಿಳಿದಿರಲಿಲ್ಲ.

ಎರಡಕ್ಕೆ ಕ್ರೇನು ಬಂತು. ಬೀದಿಯ ಎರಡೂ ಬದಿಯ ಗೋಡೆಗೆ ಒಂದೊಂದು ಬೆರಳು ಜಾಗ ಬಿಟ್ಟುಕೊಂಡು, ಆನೆ ಅಡುಗೆಮನೆಗೆ ಹೊಕ್ಕಂತೆ ಬಂತು. ಎಮ್ಮೆಯಷ್ಟು ದಪ್ಪದ ಕೊಕ್ಕೆ ತೂಗಾಡುತ್ತಿತ್ತು. ಮೀಸೆಯ ಚಾಲಕ ಇಳಿದು, "ಎಲ್ರೀ ಗಾಡಿ?" ಎಂದ. ತೋರಿಸಿದರು. ಅವನು ಗೋಡೆಯನ್ನು ನೋಡಿದ, ಕೊಕ್ಕೆಯನ್ನು ನೋಡಿದ, ಮತ್ತೆ ಗೋಡೆಯನ್ನು ನೋಡಿದ. ನಗುತ್ತಾನೆಂದು ಎಲ್ಲರೂ ಕಾದರು. ಅವನು ಪ್ಯಾಂಟಿಗೆ ಕೈ ಒರೆಸಿಕೊಂಡ.

"ಇದಕ್ಕೆ ಕೊಕ್ಕೆ ಹಾಕೋನು ಮನುಷ್ಯನಲ್ಲ" ಎಂದು, ಲಾರಿಯನ್ನು ತನ್ನ ಪಕ್ಕದ ಸೀಟಿನ ಮೇಲೆ, ತನ್ನ ದಿಂಬಿನ ಮೇಲೆ ಕೂರಿಸಿ, ಪಟ್ಟಿ ಬಿಗಿದ. ಹೋಗುವಾಗ ನಡೆದು ಹೋಗುವವರ ವೇಗದಲ್ಲಿ ಹೋದ. ಗುಂಡಿ ಬಂದಾಗ ನಿಂತು, ಇಳಿದು, ಗುಂಡಿ ನೋಡಿ, ಸುತ್ತಿ ಹೋದ. ಹಿಂದೆ ಹಾರನ್ನುಗಳ ಮೇಳ ಶುರುವಾಯಿತು.

ತಿರುವಿನಲ್ಲಿ ಕ್ರೇನು ಮರೆಯಾದ ಮೇಲೆ ಮೇಷ್ಟ್ರು ಕೈಕಟ್ಟಿ ನಿಂತು, "ಅಂತೂ ಹೋಯ್ತು" ಎಂದರು. "ಎಷ್ಟು ದೊಡ್ಡದಿತ್ತು."

ಆ ವೇಗದಲ್ಲಿ ಹೊರಟ ಕ್ರೇನು ಯಾರ್ಡು ಸೇರುವಾಗ ನಾಲ್ಕು ಗಂಟೆ. ಮೂರರಿಂದ ಅಲ್ಲೇ ಗೇಟಿನ ಬಳಿ ಅಡ್ಡಾಡುತ್ತಿದ್ದ ಕನ್ನಡಕದವನು ಹಿಂದೆಯೇ ಒಳಗೆ ನುಗ್ಗಿದ. ಯಾರ್ಡಿನ ಮೇಲ್ವಿಚಾರಕ ಅಗಲ ಮುಖದ, ನಿಧಾನದ ಆಸಾಮಿ. ಲಾರಿಯನ್ನು ತನ್ನ ಮೇಜಿನ ಮೇಲೆ, ಶಾಯಿಯ ಮುದ್ರೆಗಳ ನಡುವೆ ನಿಲ್ಲಿಸಿಕೊಂಡು ಭೂತಗನ್ನಡಿಯಲ್ಲಿ ನೋಡಿದ. ಆಮೇಲೆ ದಪ್ಪ ಪುಸ್ತಕ ತೆರೆದು, ಒಂದೊಂದೇ ಕಾಲಂ ತುಂಬಿಸಿದ.

"ಸಾಹೇಬರು ಫೋನ್ ಮಾಡಿರಬೇಕಲ್ಲ" ಎಂದ ಕನ್ನಡಕದವನು.

"ಮಾಡಿದ್ರು. ಕೊಟ್ಟುಬಿಡು ಅಂದ್ರು. ನೋಂದಣಿ ಪತ್ರ ಕೊಡಿ."

"ಯಾವುದರ?"

"ಲಾರಿದು. ನಂಬರ್ ಫಲಕ ಇದೆಯಲ್ಲ. ನಂಬರ್ ಇದೆ ಅಂದ್ಮೇಲೆ ಪತ್ರ ಇರತ್ತೆ."

ಅದು ಅವನ ಮದುವೆಯ ತಾರೀಖು. ಬೇರೆ ನಂಬರು ಹೊಳೆಯದೆ, ಕೂದಲಿನ ಕುಂಚದಲ್ಲಿ ಬರೆದದ್ದು.

"ಸ್ವಾಮಿ, ಅದು ಆಟಿಕೆ."

"ಆಟಿಕೆ ಅನ್ನಬೇಡಿ" ಎಂದ ಮೇಲ್ವಿಚಾರಕ ಬೇಸರದಿಂದ. "ಇಪ್ಪತ್ತು ವರ್ಷದಲ್ಲಿ ನೂರಾರು ಗಾಡಿ ಬಂದಿವೆ ಇಲ್ಲಿಗೆ. ಇಷ್ಟು ಪ್ರೀತಿಯಿಂದ ಕೆಟ್ಟಿರೋದು ಒಂದೂ ಬಂದಿಲ್ಲ. ಅದಕ್ಕೇ ಹೇಳೋದು, ಪತ್ರ ಇಲ್ಲದೆ ಯಾರ ಕೈಗೂ ಕೊಡಲ್ಲ. ನೀವೇ ಮಾಲೀಕರು ಅಂತ ನನಗೇನು ಗೊತ್ತು? ಏಳು ದಿನ ಆದ್ಮೇಲೆ ಬನ್ನಿ, ಬೇರೆ ಫಾರಂ ಇದೆ. ಅಲ್ಲೀವರೆಗೂ ನನ್ನ ಮೇಜಿನ ಮೇಲೇ ಇರತ್ತೆ. ಧೂಳು ಬೀಳೋಕೆ ಬಿಡಲ್ಲ."

"ಧೂಳು ನಾನೇ ಹಾಕಿದ್ದು. ಒರೆಸಬೇಡಿ."

"ಆಗಲಿ, ಒರೆಸಲ್ಲ."

ನಾಲ್ಕೂಕಾಲು. ಒಂದು ಫೋಟೋವನ್ನಾದರೂ, ಮೇಲ್ವಿಚಾರಕನ ಹೆಬ್ಬೆರಳಿನ ಪಕ್ಕ ನಿಲ್ಲಿಸಿ ತೆಗೆಯೋಣವೆಂದು ಫೋನು ತೆಗೆದ. ಬೆಳಗಿನಿಂದ ಬೀದಿಯವರ ಸಂದೇಶಗಳನ್ನು ಹೊತ್ತು ಹೊತ್ತು ಅದು ಪ್ರಾಣ ಬಿಟ್ಟಿತ್ತು. ಕೊನೆಗೆ, "ನನ್ನ ಲಾರಿ ಇಲ್ಲಿದೆ ಅನ್ನೋದಕ್ಕೆ ಒಂದು ಚೀಟಿಯಾದರೂ ಬರೆದುಕೊಡಿ" ಎಂದು ಕೈಮುಗಿದ.

ಮೇಲ್ವಿಚಾರಕ ಮುತ್ತಿನಂಥ ಅಕ್ಷರದಲ್ಲಿ ರಸೀದಿ ಬರೆದು ಎರಡು ಕಡೆ ಮುದ್ರೆ ಒತ್ತಿದ. ಕನ್ನಡಕದವನು ಓದಿಕೊಂಡು ಕೇಳಿದ:

"ಇದರಲ್ಲಿ ಉದ್ದ ಎಷ್ಟು ಅಂತ ಕಾಲಂ ಇಲ್ವಾ?"

"ಲಾರಿ ಎಷ್ಟು ಉದ್ದ ಇರತ್ತೆ ಅಂತ ಯಾರಿಗೆ ಗೊತ್ತಿಲ್ಲ?" ಎಂದ ಮೇಲ್ವಿಚಾರಕ.

ಅವನು ಸಭಾಂಗಣದ ಮೆಟ್ಟಿಲು ಹತ್ತುವಾಗ ಐದಕ್ಕೆ ನಾಲ್ಕು ನಿಮಿಷವಿತ್ತು. ಒಳಗೆ ಬಿಳಿ ಬಟ್ಟೆ ಹಾಸಿದ ಮೇಜುಗಳ ಮೇಲೆ ಕಾರು, ಲಾರಿ, ಟ್ರ್ಯಾಕ್ಟರುಗಳು ಕನ್ನಡಿಯಂತೆ ಹೊಳೆಯುತ್ತ ನಿಂತಿದ್ದವು. ಕೊನೆಯ ಮೇಜಿನಲ್ಲಿ ಒಂದೂವರೆ ಗೇಣು ಜಾಗ ಖಾಲಿಯಿತ್ತು. ಮುಂದೆ ಅವನ ಹೆಸರಿನ ಚೀಟಿ. ಅದನ್ನು ಅವನು ಎರಡು ಸಲ ಓದಿದ.

ತೀರ್ಪುಗಾರರು ವಯಸ್ಸಾದವರು, ಮೆಲುದನಿಯವರು. ಅವರ ಕೈಯಲ್ಲಿ ಹುಟ್ಟಿದ ಗಾಡಿಗಳನ್ನು ನೋಡಲೆಂದೇ ಜನ ಬೇರೆ ಊರುಗಳಿಂದ ಬರುತ್ತಿದ್ದರು. ಕನ್ನಡಕದವನ ಬರಿಗೈ ನೋಡಿದರು.

"ಮಾದರಿ ಎಲ್ಲಪ್ಪಾ?"

ಅವನು ಏದುಸಿರಿನಲ್ಲಿ ಬೆಳಗಿನಿಂದ ನಡೆದದ್ದೆಲ್ಲ ಹೇಳಿ ರಸೀದಿ ಮುಂದಿಟ್ಟ. ಅವರು ಅದನ್ನು ದನಿಯೆತ್ತಿ ಓದಿದರು. ಸುತ್ತಲಿದ್ದವರು ಕಿವಿಗೊಟ್ಟರು.

"ವಾಹನ: ಲಾರಿ, ಒಂದು. ಚಕ್ರ: ಆರು. ಬಲಹಿಂದಿನ ಟೈರು ಚಪ್ಪಟೆ. ಎಡದೀಪ ಬಿರುಕು. ಎಂಜಿನ್ನಿನಿಂದ ಎಣ್ಣೆ ಸೋರಿಕೆ. ಸಾರ್ವಜನಿಕ ರಸ್ತೆಗೆ ಅಡ್ಡವಾಗಿದ್ದುದರಿಂದ, ಇಪ್ಪತ್ತೇಳು ನಾಗರಿಕರ ದೂರಿನ ಮೇಲೆ, ಕ್ರೇನ್ ಮೂಲಕ ತೆರವು. ಸ್ಥಿತಿ: ಓಡಿಸಲು ಅಯೋಗ್ಯ."

ರಸೀದಿಯನ್ನು ಮಡಚಿ, ಅವನ ಜೇಬಿಗೆ ತಾವೇ ಇಟ್ಟರು.

"ಬೆಳಿಗ್ಗೆ ಫೋಟೋ ನೋಡಿದಾಗಲೇ ಹೇಳಿದ್ದೆ. ಐವತ್ತು ವರ್ಷದ ಕಣ್ಣು ನನ್ನದು. ಈಗ ಸರ್ಕಾರವೇ ಮುದ್ರೆ ಒತ್ತಿ ಕೊಟ್ಟಿದೆ."

"ಇಲ್ಲ ಯಜಮಾನ್ರೇ, ನನ್ನ ಮಾತು ನಂಬಿ" ಎಂದ ಕನ್ನಡಕದವನು. ಬೆಳಗಿನಿಂದ ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿಬಿಟ್ಟಿತ್ತು. "ಅದು ಆಟಿಕೆ."

ಕುಂಚ ಹಿಡಿದಿದ್ದವರು ಕುಂಚ ಕೆಳಗಿಟ್ಟರು. ತೀರ್ಪುಗಾರರ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ನೋವಿತ್ತು.

"ನೋಡು ಮಗಾ, ಇಷ್ಟು ಹೊತ್ತೂ ನನಗೆ ಒಂಚೂರು ಅನುಮಾನ ಇತ್ತು, ಎಲ್ಲಾದರೂ ನಿಜ ಹೇಳ್ತಿದಾನೇನೋ ಅಂತ. ಈಗ ಹೋಯ್ತು. ಕೈಯಾರೆ ಮಾದರಿ ಕಟ್ಟಿದವನ ಬಾಯಲ್ಲಿ, ತಲೆ ಮೇಲೆ ಬಂಡೆ ಬಿದ್ದರೂ ಆ ಮಾತು ಬರಲ್ಲ."

ಗೋಡೆಯ ಗಡಿಯಾರ ಐದು ಹೊಡೆಯಿತು. ಯಾರೋ ಬಂದು ಖಾಲಿ ಜಾಗದ ಚೀಟಿ ತೆಗೆದರು.

ತೀರ್ಪುಗಾರರು ಅವನನ್ನು ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಭುಜದ ಮೇಲೆ ಕೈಯಿಟ್ಟು ಹೇಳಿದರು: "ಬೇಜಾರು ಮಾಡ್ಕೋಬೇಡ. ಲಾರಿ ಬಿಡಿಸ್ಕೊಂಡ ಮೇಲೆ ಅದರ ಮುಂದೆ ಕೂತು, ನೋಡಿ ನೋಡಿ, ಅಂಥದ್ದೇ ಒಂದು ಮಾದರಿ ಮಾಡೋಕೆ ಪ್ರಯತ್ನ ಮಾಡು. ಒಂದೇ ಮಾತು ಹೇಳ್ತೀನಿ. ಆ ತುಕ್ಕು ಇದೆಯಲ್ಲ, ಅದು ನಿನ್ನ ಕೈಗೆ ಬರಲ್ಲ. ನನ್ನ ಕೈಗೇ ಬಂದಿಲ್ಲ."

ಬೀದಿಗೆ ಮರಳುವಾಗ ಬಿಸಿಲು ಇಳಿದಿತ್ತು. ತಿರುವಿನಲ್ಲಿ ದರ್ಜಿ ತನ್ನ ಗೇಟು ತೆರೆದು ಮುಚ್ಚಿ, ತೆರೆದು ಮುಚ್ಚಿ ಸಂತೋಷಪಡುತ್ತಿದ್ದ. ಮಧ್ಯಾಹ್ನ ಒಂದು ಒಳ್ಳೆಯ ನಿದ್ದೆಯಾಯಿತೆಂದು ಮಹಡಿ ಅಜ್ಜಿ ಮೇಲಿನಿಂದ ಹೇಳಿದರು. ಲಾರಿ ಮತ್ತೆ ಬಂದು ನಿಲ್ಲದಂತೆ ಮೇಷ್ಟ್ರು ಆ ಜಾಗದ ಸುತ್ತ ಹೂಕುಂಡ ಇಡಿಸುತ್ತಿದ್ದರು. ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ, ಅಳತೆ ಸರಿಯಾಗಿ, ಇಪ್ಪತ್ತನಾಲ್ಕು ಪಟ್ಟು.

ಹೆಂಡತಿ ಗೇಟಿನಲ್ಲಿ ಕಾಯುತ್ತಿದ್ದಳು. "ಏನಂದ್ರು ರೀ?"

"ಆ ತುಕ್ಕು ಅವರ ಕೈಗೂ ಬರಲ್ವಂತೆ" ಎಂದ.

ಒಳಗೆ ಹೋಗುವ ಮುನ್ನ ಅವನು ಒಮ್ಮೆ ಹಿಂದಿರುಗಿದ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಹೂಕುಂಡಗಳ ನಡುವೆ ಬಗ್ಗಿ, ರಸ್ತೆಯ ಮೇಲೆ ಎಲ್ಲಾದರೂ ಎಣ್ಣೆಯ ಕಲೆ ಬಿದ್ದಿದೆಯೇ ಎಂದು ಹುಡುಕಿದ.